ಉಣ್ಣೋರ ರೊಟ್ಟಿ ಎಣಿಸುವ ಕೆಲಸ

ಕಂಡವರ ಮನೆಯ ಹೊಸ್ತಿಲಲ್ಲಿ ನಿಂತು "ನೀವು ದಿನಾ ಏನು ಉಣ್ತೀರಿ, ಎಷ್ಟು ಉಣ್ತೀರಿ?" ಎಂದು ಕೇಳುವುದೇ ಹೊಟ್ಟೆಪಾಡಾದವರು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಗಿನ ಬಸ್ಸನ್ನು ಅವು ನಮಗಿಂತ ಮೊದಲೇ ಹತ್ತಿ ಸೀಟು ಹಿಡಿದು ಕೂತಿರುತ್ತವೆ. ಈಗ ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ ಬಿಡಿ. ಅವು ನಡೆಯುವಾಗ ಮಾತ್ರ ನನಗೆ ಒಂದಕ್ಕೂ ನಗು ಬಂದಿರಲಿಲ್ಲ. ಎದೆ ಡವಡವ ಎನ್ನುತ್ತಿತ್ತು, ಅಷ್ಟೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಕ್ಕಳನ್ನು ಬಿಟ್ಟು ದೊಡ್ಡವರು ಸಾಮಾನ್ಯವಾಗಿ ಏನು ತಿನ್ನುತ್ತಾರೆ ಎಂದು ತಿಳಿಯಲು ಹೈದರಾಬಾದಿನ ಒಂದು ಕಚೇರಿಯವರು ಒಂದು ಉದ್ದನೆಯ ಪ್ರಶ್ನಾವಳಿ ಮಾಡಿದ್ದರು. ರೊಟ್ಟಿ, ಅನ್ನ, ಬೇಳೆ, ಸೊಪ್ಪು, ಹಣ್ಣು, ಮಾಂಸ, ಚಹಾ, ಒಂದೊಂದನ್ನೂ ವಾರಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ಎಂದು ಕೇಳಬೇಕು. ಆದರೆ ಆ ಕಾಗದ ನಂಬಿಕೆಗೆ ಯೋಗ್ಯವೋ ಇಲ್ಲವೋ ಎಂದು ಮೊದಲು ಕಾಗದವನ್ನೇ ಪರೀಕ್ಷೆ ಮಾಡಬೇಕಂತೆ. ಒಂದು ಸಲ ಕೇಳುವುದು, ನಡುವೆ ಕೆಲವು ದಿನ ಅದೇ ಮನೆಗಳಲ್ಲಿ ಕೂತು ಅವರು ಉಣ್ಣುವುದನ್ನು ತೂಕ ಹಾಕುವುದು, ಸ್ವಲ್ಪ ಕಾಲ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವುದು. ಮೊದಲ ಉತ್ತರ, ಆಮೇಲಿನ ಉತ್ತರ ಎರಡೂ ಹೊಂದಿದರೆ ಕಾಗದ ಪಾಸು.

ಕಾಗದ ಬಂದದ್ದು ತೆಲುಗಿನಲ್ಲಿ. ತೆಲಂಗಾಣದ ಗಡಿಯ ನಾರಾಯಣಪೇಟೆ, ಮಕ್ತಲ್, ಕೃಷ್ಣಾ ಊರುಗಳ ಕಡೆ ಮನೆಯೊಳಗೆ ಕನ್ನಡ ಆಡುವವರು ಬಹಳ ಇದ್ದಾರಲ್ಲ, ಅವರಿಗಾಗಿ ಕನ್ನಡದ ಕಾಗದ ಬೇಕಾಯಿತು. ಅದನ್ನು ಬರೆದವಳು ನಾನು. ಅದಕ್ಕೂ ಮೊದಲು ನಾನು ನಾರಾಯಣಪೇಟೆ ಬಸ್‌ಸ್ಟ್ಯಾಂಡಿನ ಎದುರು ಅಣ್ಣನ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದೆ. ಮೆಷಿನ್ನು ಬಿಸಿಯಾದರೆ ಅಣ್ಣನ ಮಾತು, ತಣ್ಣಗಿದ್ದರೆ ಅತ್ತಿಗೆಯ ಮಾತು. ಅಲ್ಲಿಂದ ಹೊರಬಿದ್ದ ದಿನ ಅತ್ತಿಗೆ, "ಹೋಗಿ ಬಾರವ್ವ, ನಿನ್ನ ಸ್ಟೂಲ್ ತೆಗೆಯಂಗಿಲ್ಲ, ಇಲ್ಲೇ ಇಟ್ಟಿರ್ತೀವಿ," ಎಂದು ಹರಸಿದ್ದಳು.

ನಮ್ಮ ಮೇಡಂ ಹೈದರಾಬಾದಿನವರು, ಮಾತೆಲ್ಲ ತೆಲುಗು. ಮೊದಲ ದಿನವೇ ಹೇಳಿದರು: "ಎರಡು ಸಲದ ಉತ್ತರ ಹೊಂದದಿದ್ದರೆ ಕನ್ನಡದ ಕಾಗದ ಕೈಬಿಡುತ್ತೇವಮ್ಮ. ಕಾಗದ ಇಲ್ಲದಿದ್ದರೆ ನಿನಗೂ ಇಲ್ಲಿ ಕೆಲಸ ಇರುವುದಿಲ್ಲ." ನಾನೋ ಹುಟ್ಟು ಗಾಬರಿಯವಳು. ಬೀಗ ಹಾಕಿ ಓಣಿಯ ತುದಿಯ ತನಕ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವವಳು. ಅಂಥವಳ ಅನ್ನ ಈಗ ಊರವರ ನೆನಪಿನ ಮೇಲೆ ನಿಂತಿತ್ತು.

ಪಕ್ಕದ ಮನೆಯವನ ಹೊಟ್ಟೆ

ಶುರು ಮಾಡಿದ್ದು ನಾರಾಯಣಪೇಟೆಯ ಒಂದು ನೇಕಾರರ ಓಣಿಯಲ್ಲಿ. ಮೊದಲ ಮನೆಯಲ್ಲಿ ಮಗ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ತಾಯಿ ಪಕ್ಕದಲ್ಲಿ ಕೂತು ರಾಟೆಯ ಮೇಲೆ ನೂಲು ಸುತ್ತುತ್ತಿದ್ದಳು. ಮಗನದು ಬಾಗಿಲು ತುಂಬುವ ಆಳು. ನಾನು ಕಾಗದ ತೆಗೆದು, "ಅಣ್ಣಾ, ಒಂದು ಹೊತ್ತಿಗೆ ಎಷ್ಟು ರೊಟ್ಟಿ ಉಣ್ತೀರಿ?" ಎಂದೆ.

ಅವನು ಕೈ ನಿಲ್ಲಿಸದೆ, "ಅವ್ವ ಹಾಕ್ತಾಳ, ನಾ ಉಣ್ತೀನಿ. ನಾ ಯಾಕ ಎಣಸ್ಲಿ?" ಎಂದ.

ತಾಯಿಯ ರಾಟೆ ಮಾತ್ರ ನಿಂತಿತು. "ಉಣ್ಣೋರ ರೊಟ್ಟಿ ಯಾರಾರ ಎಣಸ್ತಾರೇನವ್ವಾ? ಕಣ್ಣು ತಾಗ್ತೈತಿ!"

"ಸುಮ್ನ ಅಂದಾಜು ಹೇಳ್ರಿ ಸಾಕು."

ತಾಯಿ ಮಗನನ್ನೊಮ್ಮೆ, ನನ್ನ ಕಣ್ಣನ್ನೊಮ್ಮೆ ನೋಡಿ, "ಅರ್ಧ ಬರ್ಕೊ," ಎಂದಳು.

"ಅರ್ಧ ರೊಟ್ಟಿ?"

"ಅದ್ರಾಗೂ ಒಂದಿಷ್ಟು ಬಿಡ್ತಾನ."

ಪಕ್ಕದ ಮನೆಯಲ್ಲೂ ಅರ್ಧ. ಅದರ ಪಕ್ಕದಲ್ಲೂ ಅರ್ಧ. ಅಲ್ಲಿ ಹಡೆದವ್ವ, ಇಲ್ಲಿ ಹೆಂಡತಿ, ಮತ್ತೊಂದು ಕಡೆ ಅಜ್ಜಿ. ಯಾರೂ ತಮ್ಮ ಮನೆಯ ಗಂಡಸಿನ ಹೊಟ್ಟೆಯ ಅಳತೆಯನ್ನು ಹೊರಗಿನವಳ ಕಣ್ಣಿಗೆ ಕೊಡಲು ತಯಾರಿಲ್ಲ. ನನ್ನ ಕಾಗದ ನೋಡಿದವರಿಗೆ ನಾರಾಯಣಪೇಟೆಯ ಮಗ್ಗಗಳು ಇನ್ನು ಒಂದು ವಾರ ನಡೆದರೆ ಹೆಚ್ಚು ಎನ್ನಿಸಬೇಕು. ಇವತ್ತು ಕಣ್ಣಿಗೆ ಹೆದರಿ ಅರ್ಧ ಎಂದವರು ಮುಂದಿನ ಸಲ ಇನ್ನೂ ಹೆದರಿ ಕಾಲು ಎಂದರೆ ನನ್ನ ಗತಿ ಏನು?

ಓಣಿಯಿಂದ ಹೊರಗೆ ಬರುತ್ತಾ ಆ ಮೊದಲ ಮನೆಯ ತಾಯಿಯನ್ನು ಸುಮ್ಮನೆ ಬಾಯಿಮಾತಿಗೆ ಕೇಳಿದೆ: "ಪಕ್ಕದ ಮನಿ ಅಣ್ಣನೂ ಅರ್ಧನೇ ಅಂತಲ್ರಿ?"

"ಯಾರು, ಅವ?" ಅವಳ ಮುಖ ಅರಳಿತು. "ಎಂಟು ರೊಟ್ಟಿ! ಮ್ಯಾಲ ಗಂಗಾಳ ತುಂಬ ಅನ್ನ!"

ಪಕ್ಕದ ಮನೆಗೆ ಓಡಿದೆ. ಅಲ್ಲಿನವಳು ಈ ಮನೆಯ ಮಗನಿಗೆ ಒಂಬತ್ತು ಎಂದಳು. ಸಂಜೆಯ ತನಕ ಓಣಿಯಲ್ಲಿ ಆ ಕಡೆಯದು ಈ ಕಡೆಯವರಿಂದ, ಈ ಕಡೆಯದು ಆ ಕಡೆಯವರಿಂದ ಬರೆದುಕೊಂಡೆ. ಮೇಡಂಗೆ ಫೋನು ಮಾಡಿ, "ಮನೆಯವರು ಹೇಳಿದ್ದು ಅರ್ಧ, ಪಕ್ಕದವರು ಹೇಳಿದ್ದು ಎಂಟು ಮೇಡಂ. ನಡುವೆ ಎಲ್ಲೋ ಒಂದು ಕಡೆ ಹಿಡಿದರೆ ಸರಿಹೋಗುತ್ತದೆ," ಎಂದೆ.

"ನೀನು ಸರ್ವೆ ಮಾಡ್ತಾ ಇದ್ದೀಯೋ, ಸಂತೆಯಲ್ಲಿ ಚೌಕಾಶಿ ಮಾಡ್ತಾ ಇದ್ದೀಯೋ?" ಎಂದರು ಮೇಡಂ. "ನಾಳೆ ಮತ್ತೆ ಹೋಗು. ಅವರದನ್ನು ಅವರ ಬಾಯಿಂದಲೇ ಕೇಳು."

ಫೈಲು ಎತ್ತಿಕೊಂಡು ಹೊರಡುವಾಗ ಆ ತಾಯಿ ಮಗನನ್ನು ಮಗ್ಗದಿಂದ ಎಬ್ಬಿಸಿ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ಹಿಡಿದು ಅವನ ಸುತ್ತ ಇಳಿಸಿ ಒಲೆಗೆ ಹಾಕುತ್ತಿದ್ದಳು. ನನ್ನ ಎದುರಿಗೇ! ಮೆಣಸಿನಕಾಯಿ ಚಟಪಟ ಎಂದವು, ಘಾಟು ಬರಲಿಲ್ಲ. "ನೋಡ್ದಿ, ಎಷ್ಟು ಕಣ್ಣು ಬಿದ್ದಿತ್ತು!" ಎಂದಳು. ನನ್ನ ಮುಖ ಬಾಡಿದ್ದು ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. ಹತ್ತಿರ ಬಂದು ಬೆನ್ನು ಸವರಿ ಹೇಳಿದಳು: "ನೀ ಬ್ಯಾಸರ ಮಾಡ್ಕೋಬ್ಯಾಡವ್ವ. ನಾಳಿ ಬರೂಕಿಂತ ಮೊದ್ಲ ಒಂದು ಫೋನ್ ಮಾಡು. ಮೆಣಸಿನಕಾಯಿ ತರ್ಸಿ ಇಟ್ಟಿರ್ತೀನಿ."

ಮಧ್ಯದ ಬಟ್ಟಲು

ಗದ್ವಾಲದಲ್ಲಿ ಹೆಚ್ಚಿನವರು ತೆಲುಗಿನವರೇ. ಆದರೂ ಕೋಟೆಯ ಹಿಂದೆ ಒಂದು ಸಣ್ಣ ಓಣಿಯಲ್ಲಿ ಕನ್ನಡದ ಮನೆಗಳಿವೆ ಎಂದು ಯಾರೋ ಹೇಳಿದರು, ಅಲ್ಲಿಗೂ ಹೋಗು ಎಂದು ಮೇಡಂ ಅಟ್ಟಿದರು.

ಅಳತೆಗೆಂದು ನಮಗೆ ಸ್ಟೀಲಿನ ಬಟ್ಟಲುಗಳ ಒಂದು ಸೆಟ್ಟು ಕೊಟ್ಟಿದ್ದರು. ಸಣ್ಣದು, ಮಧ್ಯದ್ದು, ದೊಡ್ಡದು. "ಬೇಳೆ ಎಷ್ಟು ಉಣ್ತೀರಿ?" ಎಂದರೆ ಜನ ಕೈ ತಿರುಗಿಸಿ "ಇಷ್ಟ" ಎನ್ನುತ್ತಾರೆ. ಆ "ಇಷ್ಟ"ವನ್ನು ಬಟ್ಟಲಲ್ಲಿ ಹಿಡಿಯಬೇಕು. ಬಟ್ಟಲುಗಳು ಕಚೇರಿಯ ಆಸ್ತಿ. ಸಹಿ ಹಾಕಿ ತಂದ ದಿನದಿಂದ ನಾನು ಅವನ್ನು ಸೆರಗಿನಲ್ಲಿ ಒರೆಸಿ ಒರೆಸಿ ಫಳಫಳ ಎನ್ನುವಂತೆ ಇಟ್ಟಿದ್ದೆ. ತಪ್ಪಾದದ್ದು ಅಲ್ಲೇ.

ಒಂದು ಮನೆಯ ಕಟ್ಟೆಯ ಮೇಲೆ ಚೀಲ ಬಿಚ್ಚಿ ಬಟ್ಟಲು ಸಾಲಾಗಿ ಇಟ್ಟೆ. ಮನೆಯಾಕೆ ಅವನ್ನು ನೋಡಿದವಳೇ ಒಳಗೆ ಹೋದಳು. ಬೇಳೆಯ ಪಾತ್ರೆ ತರುತ್ತಾಳೆ, ಎಷ್ಟು ಚುರುಕು ಎಂದುಕೊಂಡೆ. ಬಂದಳು, ಕೈಯಲ್ಲಿ ಹಳೆಯ ಸೀರೆ.

"ಜರಿ ನೋಡು, ಅಸಲ್ ಐತಿ. ಆ ದೊಡ್ಡ ಬಟ್ಟಲಕ್ಕ ಸಾಕಲ್ಲ?"

ನಮ್ಮ ಕಡೆ ಪಾತ್ರೆಯ ಬುಟ್ಟಿ ಹೊತ್ತು ಬರುವ ಹೆಂಗಸರು ಹಳೆಯ ಜರಿ ಸೀರೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಟ್ಟು ಹೋಗುವುದುಂಟು. ನನ್ನನ್ನು ಅವರಲ್ಲೊಬ್ಬಳು ಎಂದು ತಿಳಿದಿದ್ದಳು.

"ಇಲ್ರೀ ಅಕ್ಕ, ಇವು ಕೊಡಾಕ ತಂದಿದ್ದಲ್ಲ. ನೀವು ಬ್ಯಾಳಿ ಎಷ್ಟು ಉಣ್ತೀರಂತ ತೋರ್ಸಾಕ."

"ಆತು, ಇನ್ನೊಂದು ಸೀರಿ ತರ್ತೀನಿ."

ನಾನು ಬೇಡ ಎಂದಷ್ಟೂ ಅವಳಿಗೆ ನಾನು ರೇಟು ಏರಿಸುತ್ತಿದ್ದೇನೆ ಎಂದೇ ಅನ್ನಿಸಿತು. ಮಾತು ಕೇಳಿ ಎದುರು ಮನೆಯವಳು ಬಂದಳು, ಅವಳ ಹಿಂದೆ ಇನ್ನಿಬ್ಬರು ಬಂದರು. ಎಲ್ಲರ ಹೆಗಲ ಮೇಲೂ ಹಳೆಯ ಸೀರೆ. ಒಬ್ಬಳು ಬಟ್ಟಲನ್ನು ಬೆರಳಿನಿಂದ ಬಡಿದು, "ತೆಳ್ಳಗೈತಿ," ಎಂದು ಹಂಗಿಸಿದಳು. ನನಗೆ ಕಚೇರಿಯ ಆಸ್ತಿಯ ಮೇಲೆ ಜೀವ. ಎರಡೂ ಕೈ ಚಾಚಿ ಬಟ್ಟಲುಗಳನ್ನು ಅವಚಿಕೊಂಡು, ಬಂದ ಕೆಲಸವನ್ನಾದರೂ ಮಾಡೋಣವೆಂದು ಕೂಗಿದೆ: "ಬ್ಯಾಳಿ ವಾರಕ್ಕ ಎಷ್ಟು ಸಲ ಉಣ್ತೀರಿ? ಯಾವ ಬಟ್ಟಲದಾಗ?"

ಮೊದಲಿನವಳು ಹೇಳಿದಳು: "ದಿನಾ ಉಣ್ತೀನಿ. ದೊಡ್ಡ ಬಟ್ಟಲ ಇಲ್ಲಂತನ ಸಣ್ಣದ್ರಾಗ ಉಣ್ಣಾಕತ್ತೀನಿ. ನೀ ಕೊಟ್ಟು ನೋಡು, ನಾಳಿಯಿಂದ ದೊಡ್ಡದ್ರಾಗ ಉಣ್ತೀನಿ."

ಈ ಉತ್ತರಕ್ಕೆ ಕಾಗದದಲ್ಲಿ ಜಾಗವೇ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುರುಕಿಕೊಂಡು ಬಸ್ಸು ಹಿಡಿದೆ. ಜೂರಾಲ ಅಣೆಕಟ್ಟೆಯ ಹತ್ತಿರ ಬಸ್ಸು ನಿಂತಾಗ, ಕರಿದ ಮೀನಿನ ವಾಸನೆಗೆ ಎಲ್ಲರೂ ಇಳಿದರು. ನಾನೊಬ್ಬಳೇ ಕೂತು ಚೀಲ ತಡವಿದೆ. ಸಣ್ಣದು ಇದೆ, ದೊಡ್ಡದು ಇದೆ. ಮಧ್ಯದ್ದು ಇಲ್ಲ. ಅದರ ಜಾಗದಲ್ಲಿ ನೀಟಾಗಿ ಮಡಚಿಟ್ಟ ಒಂದು ಹಳೆಯ ಸೀರೆ.

ಎಲ್ಲ ಮನೆಯ ಅಳತೆಯೂ ಮಧ್ಯದ ಬಟ್ಟಲಿನ ಲೆಕ್ಕದಲ್ಲೇ ಇತ್ತು. ಮೇಡಂಗೆ ಫೋನು ಹಚ್ಚಿದೆ. "ಮೇಡಂ, ಮಧ್ಯದ ಬಟ್ಟಲು ಇಲ್ಲ ಮೇಡಂ."

"ಕಳೆದು ಹೋಯಿತಾ?"

"ಇಲ್ಲ ಮೇಡಂ. ಮಾರಾಟ ಆಯಿತು."

ಯಾರು ಮೊದಲು ಉಣ್ಣಬೇಕು?

ಜನ ಹೇಳಿದ್ದು ನಿಜವೋ ಎಂದು ನೋಡಲು ಮನೆಯಲ್ಲಿ ಕೂತು ತೂಕ ಹಾಕುವುದಿತ್ತಲ್ಲ, ಅದಕ್ಕೆ ಎರಡು ಕಟ್ಟುನಿಟ್ಟಿನ ನಿಯಮ ಇದ್ದವು. ಮೊದಲೇ ಹೇಳಿ ಹೋಗಬಾರದು, ಹೇಳಿದರೆ ಅವತ್ತು ಹೋಳಿಗೆ ಆಗುತ್ತದೆ. ಮತ್ತು ಆ ಮನೆಯಲ್ಲಿ ನಾವು ಏನೂ ತಿನ್ನಬಾರದು, ತಿಂದರೆ ಅವರ ಪಾಲಿನ ಲೆಕ್ಕ ತಪ್ಪುತ್ತದೆ.

ಕೃಷ್ಣಾ ಹತ್ತಿರದ ಒಂದು ಹಳ್ಳಿಯಲ್ಲಿ ಒಕ್ಕಲುತನದ ಮನೆ. ತಕ್ಕಡಿ ಹಿಡಿದು ಬೆಳಿಗ್ಗೆಯೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂತೆ. ಸೊಸೆ ರೊಟ್ಟಿ ಬಡಿದಳು, ಪುಂಡಿ ಸೊಪ್ಪಿನ ಪಲ್ಯ ಮಾಡಿದಳು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದಳು. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಅಪರೂಪಕ್ಕೆ ನನಗೆ ಸಮಾಧಾನವಾಯಿತು. ಹೊಲದಿಂದ ಅವಳ ಮಾವ ಬಂದು ಕೈಕಾಲು ತೊಳೆದು ಕೂತ. ಬಡಿಸಿದ ಗಂಗಾಳ ಮಾತ್ರ ನನ್ನ ಮುಂದೆ ಬಂತು.

"ಉಣ್ಣವ್ವ," ಎಂದ ಮಾವ.

"ಇಲ್ರಿ ಅಜ್ಜಾ, ನಾ ಉಣ್ಣಂಗಿಲ್ಲ. ನೀವು ಉಣ್ರಿ, ನಾ ತೂಕ ಹಾಕ್ಕೊಂತೀನಿ."

"ಮನಿಗೆ ಬಂದಾಕಿ ಹಸದು ಕುಂತಾಗ ನಾ ಹ್ಯಾಂಗ ಉಣ್ಲಿ? ನಿಂದಾದ ಮ್ಯಾಲ ನಂದು."

"ನಮಗ ಆರ್ಡರ್ ಇಲ್ರಿ."

"ನಮ್ಮ ಮನ್ಯಾಗೂ ಆರ್ಡರ್ ಇಲ್ಲವ್ವ."

ಮಾವ ಉಣ್ಣದೆ ಅತ್ತೆ ಉಣ್ಣುವುದಿಲ್ಲ. ಅತ್ತೆ ಉಣ್ಣದೆ ಸೊಸೆ ಉಣ್ಣುವುದಿಲ್ಲ. ಎಲ್ಲರೂ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಾ ಕೂತರು. ಹೊತ್ತು ನೆತ್ತಿ ದಾಟಿತು. ಮಾವನಿಗೆ ಸಕ್ಕರೆ ಕಾಯಿಲೆ ಬೇರೆ ಇತ್ತು, ಅವನ ಕೈ ಸಣ್ಣಗೆ ನಡುಗತೊಡಗಿತು. ಜನ ಏನು ಉಣ್ಣುತ್ತಾರೆ ಎಂದು ನೋಡಲು ಬಂದವಳು ಒಂದು ಮನೆಯನ್ನೇ ಉಪವಾಸ ಕೆಡವಿ, ಹಿರಿಯನೊಬ್ಬ ಬವಳಿ ಬಂದು ಬಿದ್ದರೆ ಕೆಲಸದ ಮಾತಿರಲಿ, ಠಾಣೆಯಲ್ಲಿ ಏನು ಹೇಳಲಿ? ಆರ್ಡರು ಹಾಳಾಗಲಿ ಎಂದು ರೊಟ್ಟಿಗೆ ಕೈ ಹಾಕಿದೆ.

"ತಡಿ ತಡಿ!" ಎಂದು ಅತ್ತೆ ನನ್ನ ಕೈ ಹಿಡಿದಳು. ಇಡೀ ಬೆಳಿಗ್ಗೆ ನಾನು ಮಾಡಿದ್ದನ್ನು ನೋಡಿಕೊಂಡಿದ್ದಳಲ್ಲ, ನನ್ನ ರೊಟ್ಟಿ ಎತ್ತಿ ತಕ್ಕಡಿಯ ಮೇಲಿಟ್ಟು, "ಬರ್ಕೊ," ಎಂದಳು. ಪಲ್ಯ ಇಟ್ಟಳು. "ಬರ್ಕೊ." ಹಿಂಡಿ ಇಟ್ಟಳು. "ಬರ್ಕೊ." ನಾನು ಉಂಡೆದ್ದು ಹಿತ್ತಲಲ್ಲಿ ಕೈ ತೊಳೆದು ಬರುವುದರೊಳಗೆ ಹಸಿದ ಮನೆಯವರೆಲ್ಲ ತಮ್ಮ ಊಟ ಮುಗಿಸಿ ಗಂಗಾಳ ತೊಳೆದು ಮಗುಚಿ ಹಾಕಿದ್ದರು. ಆ ಮನೆಯಲ್ಲಿ ಅವತ್ತು ಗ್ರಾಮಿನ ಲೆಕ್ಕದಲ್ಲಿ ಬರೆದದ್ದು ಒಬ್ಬಳದೇ ಊಟ, ನನ್ನದು.

ಅಕೀಗೆ ಹೇಳಬ್ಯಾಡ್ರಿ

ಅದೇ ಹಳ್ಳಿಯ ಇನ್ನೊಂದು ಮನೆ. ಗಂಡ ಹೆಂಡತಿ ಒಂದೇ ಚಾಪೆಯ ಮೇಲೆ ಕೂತು ಉತ್ತರ ಕೊಟ್ಟರು. ಶೇಂದಿ ಕುಡಿಯುತ್ತೀರಾ ಎಂಬ ಪ್ರಶ್ನೆ ಬಂತು. ಗಂಡ, "ಛೇ ಛೇ, ಮುಟ್ಟಂಗೂ ಇಲ್ರಿ," ಎಂದ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯ ಶಿವನೇ, ನನ್ನೇನು ಕೇಳ್ತೀರಿ," ಎಂದಳು. ಇಬ್ಬರಿಗೂ ಸೊನ್ನೆ ಹಾಕಿ ಬಸ್ಸಿಗೆ ಹೊರಟೆ.

ದಾರಿಯ ಹುಣಸೆಮರದ ಹತ್ತಿರ ಗಂಡ ಏದುಸಿರು ಬಿಡುತ್ತಾ ಓಡಿ ಬಂದ. "ಅಕ್ಕಾ, ಸರ್ಕಾರಕ್ಕ ಸುಳ್ಳು ಹೇಳಬಾರ್ದು. ದಿನಾ ಸಂಜಿಗೆ ಎರಡು ಸೀಸೆ ಬರ್ಕೋರಿ. ಅಕೀಗೆ ಮಾತ್ರ ಹೇಳಬ್ಯಾಡ್ರಿ."

ಎಂಥ ಪ್ರಾಮಾಣಿಕ ಮನುಷ್ಯ ಎಂದು ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸೊನ್ನೆ ಹೊಡೆದುಹಾಕಿ ತಿದ್ದಿಕೊಂಡೆ. ಬಸ್ಸು ಬಂತು, ಹತ್ತಿದೆ. ಕಂಡಕ್ಟರು ಸೀಟಿ ಊದುವಷ್ಟರಲ್ಲಿ ಕಿಟಕಿ ಬಡಿದ ಸದ್ದು. ಹೆಂಡತಿ!

"ಅಕ್ಕಾ, ನಂದೂ ಒಂದು ಸೀಸೆ ಬರ್ಕೋ," ಎಂದಳು, ಬಸ್ಸಿನ ಜೊತೆ ಓಡುತ್ತಾ. "ಅವನ ಸೀಸೇದಾಗಿಂದನ ತಗೊಂತೀನಿ. ಅವನಿಗೆ ಹೇಳಬ್ಯಾಡ."

ಮಕ್ತಲದ ಸೊಪ್ಪು

ಎರಡನೇ ಸಲ ಕೇಳುವ ದಿನಗಳು ಬಂದವು. ನನಗೆ ಊಟ ಸೇರದು, ಕೂತಲ್ಲಿ ಕೂರಲಾಗದು. ನಾರಾಯಣಪೇಟೆಯಲ್ಲಿ ನಾನು ಹೆದರಿದ್ದೇ ಆಯಿತು, ಹಿಂದಿನ ಸಲದ ಅರ್ಧಕ್ಕೂ ಈ ಸಲದ್ದಕ್ಕೂ ತಾಳೆ ಇಲ್ಲ. ಮೇಡಂ ಫೋನಿನಲ್ಲಿ ಬರೀ "ಹೂಂ" ಎಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಉಳಿದದ್ದು ಮಕ್ತಲದ ಒಂದು ದೊಡ್ಡ ಓಣಿ. ಅದು ಹೊಂದಿದರೆ ನಾನು ಉಳಿದೆ, ಇಲ್ಲದಿದ್ದರೆ ಝೆರಾಕ್ಸ್ ಅಂಗಡಿಯ ಸ್ಟೂಲು.

ಆ ಓಣಿಯ ಮೂಲೆಯ ಮನೆಯಲ್ಲಿ ಒಬ್ಬ ಅಮ್ಮ ಇದ್ದಳು. ಗಂಡ ಧಾನ್ಯದ ಮಂಡಿಯಲ್ಲಿ ಹಮಾಲಿ. ಮೊದಲ ಸಲ ಹೋದಾಗ ಎಲ್ಲ ಕೇಳಿ ಮುಗಿಸಿ ಕಾಗದ ಮಡಚುವಾಗ ಆಕೆ ನೀರು ಕೊಟ್ಟು, "ಯಾಕವ್ವ ಮಾರಿ ಇಷ್ಟು ಸಣ್ಣ ಆಗೈತಿ?" ಎಂದು ಕೇಳಿದ್ದಳು. ಹಾಗೆ ಕೇಳುವವರು ಸಿಕ್ಕರೆ ನನ್ನ ಬಾಯಿ ನಿಲ್ಲುತ್ತದೆಯೇ? "ಇವತ್ತು ಹೇಳಿದ್ದ ಮುಂದಿನ ಸಲನೂ ಹೇಳ್ಬೇಕ್ರಿ ಯಮ್ಮಾ. ಇಲ್ಲಂದ್ರ ಕಾಗದ ಸುಳ್ಳಂತಾರ, ನನ್ನ ಕೆಲ್ಸ ಹೋಗ್ತೈತಿ," ಎಂದುಬಿಟ್ಟೆ. ಆಕೆ, "ಹೌದೇನು?" ಎಂದಳು, ಅಷ್ಟೆ.

ಈ ಸಲ ಆ ಓಣಿಗೆ ಕಾಲಿಟ್ಟರೆ ಎಲ್ಲ ಬಾಗಿಲೂ ತೆರೆದಿವೆ, ಎಲ್ಲರೂ ತಲೆ ಬಾಚಿಕೊಂಡು ತಯಾರಾಗಿ ಕೂತಿದ್ದಾರೆ. ನಾನು "ಹಾಲು..." ಎನ್ನುವಷ್ಟರಲ್ಲಿ, "ಚಹಾದಾಗ ಅಷ್ಟ." "ಹಣ್ಣು..." "ಬಾಳಿಹಣ್ಣು, ವಾರಕ್ಕೊಮ್ಮೆ." ಮೂರನೆಯ ಮನೆಯವಳು ನನ್ನನ್ನೇ ತಡೆದು, "ಮಸರು ಬಿಟ್ಟೀರಿ. ಹಾಲಾದ ಮ್ಯಾಲ ಮಸರು ಬರ್ತೈತಿ," ಎಂದು ತಿದ್ದಿದಳು. ಇನ್ನೊಬ್ಬಳು ಮೀನಿನ ಪ್ರಶ್ನೆಗೆ ತಡವರಿಸಿ, ಗೋಡೆಯ ಆಚೆಗೆ ಕೂಗಿದಳು: "ಅಕ್ಕಾ, ನಂದು ಮೀನು ಎಷ್ಟಿತ್ತು?" ಆಚೆಯಿಂದ ಉತ್ತರ ಬಂತು: "ತಿಂಗಳಿಗೊಮ್ಮಿ! ಜೂರಾಲಕ್ಕ ಹೋದಾಗ ಅನ್ನು!"

ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಸಂತೋಷ ಅಷ್ಟಿತ್ತು. ಕಾಗದಗಳನ್ನು ಕಳಿಸಿ, ಅಂದು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರನೆಯ ದಿನ ಮೇಡಂ ಫೋನು. "ಒಂದು ಸೊನ್ನೆಯೂ ಆಚೀಚೆ ಆಗಿಲ್ಲವಲ್ಲಮ್ಮ. ನಿನ್ನೆ ತಿಂದದ್ದು ನನಗೇ ನೆನಪಿರುವುದಿಲ್ಲ. ಮನುಷ್ಯರ ಉತ್ತರ ಹೀಗೆ ಹೊಂದುವುದಿಲ್ಲ. ಮನೆಯಲ್ಲೇ ಕೂತು ತುಂಬಿದೆಯಾ?"

ಹೊಂದದಿದ್ದರೆ ಕೆಲಸ ಹೋಗುತ್ತದೆ ಎಂದು ಇಷ್ಟು ದಿನ ಅತ್ತವಳು ನಾನು. ಹೊಂದಿದ್ದಕ್ಕೂ ಕೆಲಸ ಹೋಗಬಹುದು, ಜೊತೆಗೆ ಕಳ್ಳಿ ಎಂಬ ಹೆಸರೂ ಬರಬಹುದು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಫೋನಿನಲ್ಲೇ ಅತ್ತುಬಿಟ್ಟೆ. "ಅಳಬೇಡ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ. ನಾನೇ ಬಂದು ಕೇಳುತ್ತೇನೆ," ಎಂದರು ಮೇಡಂ.

ಭಾನುವಾರ ಜೀಪು ಬಂತು. ಮೇಡಂ ಮೂಲೆಮನೆಯ ಕಟ್ಟೆಯ ಮೇಲೆ ಕೂತರು. ನಾನು ಮಗ್ಗುಲಲ್ಲಿ ನಿಂತು ಅವರ ಮಾತನ್ನು ಕನ್ನಡಕ್ಕೆ, ಓಣಿಯವರದನ್ನು ತೆಲುಗಿಗೆ ಹೇಳುತ್ತಿದ್ದೆ.

"ಸೊಪ್ಪು ಎಷ್ಟು ಸಲ?"

"ದಿನಾ," ಎಂದಳು ಅಮ್ಮ.

ಕಾಗದದಲ್ಲೂ ದಿನಾ ಎಂದೇ ಇತ್ತು. ಮೇಡಂ ಸುಮ್ಮನಿರುವವರಲ್ಲ. "ನಿನ್ನೆ?" ಎಂದರು. "ಪುಂಡಿ." "ಮೊನ್ನೆ?" "ರಾಜಗಿರಿ." "ಇವತ್ತು?" "ಒಳಗ ಬಂದು ನೋಡ್ರಿ," ಎಂದಳು ಅಮ್ಮ. ಮೇಡಂ ಒಳಗೇ ಹೋಗಿ ಪಾತ್ರೆಯ ಮುಚ್ಚಳ ತೆಗೆದರು. ಮೆಂತೆಪಲ್ಯ. ಪಕ್ಕದ ಮನೆಯಲ್ಲಿ ತೆಗೆದರು, ಪಾಲಕ್. ಎದುರು ಮನೆಯಲ್ಲಿ ಪುಂಡಿ. ಓಣಿಯ ತುದಿಯ ತನಕ ಯಾವ ಮುಚ್ಚಳ ತೆಗೆದರೂ ಹಸಿರು.

ಮೇಡಂ ಬೆರಗಾಗಿ ತಿರುಗಿ ಬಂದು, "ಇದಿ ನಿಜಮೇನಾ?" ಎಂದು ತಮಗೆ ತಾವೇ ಕೇಳಿಕೊಂಡರು. ನಿಜವೇ ಇದು ಎಂದು. ಆಮೇಲೆ ನನ್ನ ಭುಜ ತಟ್ಟಿ, "ತಪ್ಪು ತಿಳಿದೆನಮ್ಮ. ನೀನು ಬರೆದದ್ದು ಸರಿಯಾಗಿದೆ," ಎಂದರು. ಆ ಕ್ಷಣಕ್ಕೆ ಮಕ್ತಲದಂಥ ಊರು ಭೂಮಿಯ ಮೇಲೆ ಇನ್ನೊಂದಿಲ್ಲ ಅನ್ನಿಸಿತು.

ಅಷ್ಟರಲ್ಲಿ ಒಳಗಿನಿಂದ ಅಮ್ಮನ ಗಂಡ, ಆ ಹಮಾಲಿ, ಹೊರಗೆ ಬಂದು ಮೇಡಂಗೆ ಕೈ ಮುಗಿದ. "ನಂದೊಂದು ಅರ್ಜಿ ಐತ್ರಿ."

"ಹೇಳಿ."

"ಈ ಹುಡುಗಿ ಮೊದಲನೇ ಸಲ ಬಂದಾಗ, ಪಕ್ಕದಾಕಿ ಕಿವಿ ಕೊಟ್ಟು ಕೇಳಾಕತ್ತಾಳಂತ ನಮ್ಮಾಕಿ ದೊಡ್ಡಸ್ತಿಕಿಗೆ 'ದಿನಾ ಸೊಪ್ಪು' ಅಂದ್ಲರಿ. ಈಕಿ ಅಂದ್ಲಂತ ಪಕ್ಕದಾಕಿನೂ ಅಂದ್ಲು. ಓಣಿಯೆಲ್ಲಾ ಅಂದ್ರು. ಆಮ್ಯಾಲ ಈ ಹುಡುಗಿ ಕೆಲ್ಸ ಹೋಗ್ತೈತಂತ ಗೊತ್ತಾತು. ದಿನಾ ಮಧ್ಯಾಹ್ನ ಈ ಕಟ್ಟಿ ಮ್ಯಾಲ ಕುಂತು ಯಾರ್ಯಾರದು ಏನೇನಂತ ಬಾಯಿಪಾಠ ಮಾಡ್ಯಾರ್ರೀ. ಬಾಯಿಲೆ ಹೇಳಿದ್ರ ಸಾಲಂಗಿಲ್ಲಂತ ಅವತ್ತಿನಿಂದ ದಿನಾ ಸೊಪ್ಪು ಮಾಡಾಕತ್ತಾರ. ನಾವು ದಿನಾ ಉಣ್ಣಾಕತ್ತೀವಿ."

ಮೇಡಂ ಅಮ್ಮನ ಕಡೆ ನೋಡಿದರು. ಅಮ್ಮ ತಲೆ ತಗ್ಗಿಸಲಿಲ್ಲ.

"ಹೌದ್ರಿ, ಅವತ್ತು ಸುಳ್ಳು ಹೇಳಿದ್ದೆ. ಆಮ್ಯಾಲ ಖರೇ ಮಾಡೀನಿ. ಅದ್ರಾಗೇನು ತಪ್ಪೈತಿ?" ಎಂದು ಸೆರಗು ಕೊಡವಿ, ಚಹಾ ಇಡಲು ಒಳಗೆ ಹೋದಳು.

ನನ್ನ ಕಣ್ಣು ತುಂಬಿ ಬಂತು. ಕೆಲಸ ಹೋಯಿತೆಂಬ ಭಯಕ್ಕೋ, ಯಾರದೋ ಮನೆಯ ಹುಡುಗಿಗಾಗಿ ಒಂದು ಓಣಿಯೇ ದಿನಾ ಸೊಪ್ಪು ಉಂಡಿತಲ್ಲ ಎಂಬುದಕ್ಕೋ ಹೇಳಲಾರೆ. ಮೇಡಂ ಪೆನ್ನಿನ ಮುಚ್ಚಳ ಹಾಕಿ ಎದ್ದು ಜೀಪಿನ ಕಡೆ ನಡೆದರು. ನಾನು ಹಿಂದೆಯೇ ಹೋದೆ. ಜೀಪಿನ ಬಾಗಿಲು ಹಿಡಿದು ನಿಂತವರ ಹೆಗಲು ಅಲುಗುತ್ತಿತ್ತು. ನೋಡಿದರೆ ನಗುತ್ತಿದ್ದಾರೆ.

"ಇವರು ಏನು ಉಣ್ಣುತ್ತಾರೆ ಎಂದು ನೋಡಲು ಬಂದೆವು," ಎಂದರು ಕಣ್ಣು ಒರೆಸಿಕೊಳ್ಳುತ್ತಾ. "ನಮ್ಮ ಕಾಗದವೇ ಒಲೆ ಹಚ್ಚಿ ಅಡುಗೆ ಮಾಡಿಸಿಬಿಟ್ಟಿದೆ. ಈ ಓಣಿಯದು ರದ್ದು. ನಾರಾಯಣಪೇಟೆಯದೂ ಸೇರಿ ಮೊದಲಿನಿಂದ ಮತ್ತೆ ಮಾಡಬೇಕು. ಇವರ ಜೊತೆ ಏಗಲು ನನ್ನಿಂದಾಗದು, ನೀನೇ ಇರು. ಆದರೆ ಒಂದು ಮಾತು. ಹೊಸ ಓಣಿಯಲ್ಲಿ ನಿನ್ನ ಗೋಳು ಯಾರ ಮುಂದೆಯೂ ತೋಡಿಕೊಳ್ಳಬೇಡ."

ಕೆಲಸ ಉಳಿಯಿತು! ನನ್ನ ಕಾಲು ನೆಲದ ಮೇಲಿರಲಿಲ್ಲ. ಹಿಂದೆ ಹೆಜ್ಜೆಯ ಸದ್ದಾಯಿತು. ತಿರುಗಿದರೆ ಹಮಾಲಿ, ಅವನ ಬೆನ್ನಿಗೆ ಓಣಿಯ ಇನ್ನೂ ಮೂರ್ನಾಲ್ಕು ಗಂಡಸರು. ನಮ್ಮನ್ನು ಕಳಿಸಲು ಬಂದಿದ್ದಾರೆ, ಎಷ್ಟು ಮರ್ಯಾದೆ ಎಂದುಕೊಂಡೆ. ಹಮಾಲಿ ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದ: "ನಮ್ಮ ಓಣೀದು ರದ್ದಾತೇನ್ರಿ?"

"ಆತ್ರಿ ಅಣ್ಣಾ."

"ಹಂಗಾರ ಆ ಮಾತು ಮೇಡಂ ಬಾಯಿಲೆ ನಮ್ಮಾಕಿಗೊಮ್ಮಿ ಹೇಳಿಸಿ ಹೋಗವ್ವ, ನಾವು ಹೇಳಿದ್ರ ನಂಬಂಗಿಲ್ಲ." ಅವನು ಕೈಯಲ್ಲಿ ಮಡಚಿ ಹಿಡಿದಿದ್ದ ಖಾಲಿ ಚೀಲವನ್ನು ಕೊಡವಿದ. ಹಿಂದಿದ್ದವರ ಕೈಯಲ್ಲೂ ಒಂದೊಂದು ಚೀಲ. "ಲಗೂನ ಹೇಳಿಸು, ನಿನ್ನ ಕೈ ಮುಗೀತೀನಿ. ಇವತ್ತು ಐತವಾರ, ಮಟನ್ ಅಂಗಡಿ ಮುಚ್ಚಾಕತ್ತಾರ."